ಮಾತು ಕೇಳದ ಟಿ.ವಿ.

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಾವು ಐದಾರು ಮಂದಿ ಗೆಳೆಯರು ಶನಿವಾರ ರಾತ್ರಿ ಒಬ್ಬನ ಮನೆಯಲ್ಲಿ ಸೇರುತ್ತೇವೆ. ಪಟ್ಟಾಂಗವೂ ಆಗಬೇಕು, ಸಿನಿಮಾವೂ ಆಗಬೇಕು. 55 ಇಂಚಿನ ಟಿ.ವಿ. ತಂದು ಒಂದು ವರ್ಷವಾಯಿತು. ಹಾಡು, ಫೈಟು ಬಂದರೆ ಮನೆ ನಡುಗುತ್ತದೆ, ಮಾತು ಬಂದರೆ ಕಿವಿ ಕೊಟ್ಟು ಕೂರಬೇಕು. ಒಳಕೋಣೆಯಲ್ಲಿ ಅಮ್ಮ ಮಲಗಿರುತ್ತಾರೆ, ಹಾಗಾಗಿ ರಿಮೋಟು ಕೈಯಿಂದ ಇಳಿಯುವುದೇ ಇಲ್ಲ. ರಾತ್ರಿಯ ದೃಶ್ಯಗಳಲ್ಲಿ ಏನೂ ಕಾಣುವುದಿಲ್ಲ. ದೊಡ್ಡ ಸಿನಿಮಾವೂ ಸೀರಿಯಲ್ಲಿನ ಹಾಗೆ ಕಾಣುತ್ತದೆ. ಮಳೆ ಬಂದರೆ ಡಿಶ್ ನಿಲ್ಲುತ್ತದೆ. ಹೊಸ ಕನೆಕ್ಷನ್ನಿನಲ್ಲಿ ಕನ್ನಡ ಚಾನೆಲ್ಲುಗಳೇ ಇಲ್ಲ. ಆನ್‌ಲೈನಿನಲ್ಲಿ 12,000 ರೂಪಾಯಿಗೆ ‘9000 ಲುಮೆನ್, 4ಕೆ ಸಪೋರ್ಟ್’ ಎಂಬ ಪ್ರೊಜೆಕ್ಟರ್ ಇದೆ. ಎಲ್ಲರೂ ಹಣ ಹಾಕಿ ಅದನ್ನು ತರೋಣವೇ? ಹಾಗೆಯೇ, ಅಣ್ಣನ ಮದುವೆಯ ಹಳೇ ಡಿವಿಡಿ ಹಾಕಿದರೆ ಎಲ್ಲರೂ ಕುಳ್ಳಗೆ ದಪ್ಪಗೆ ಕಾಣುವುದೇಕೆ?

ಉತ್ತರ: ಪ್ರೊಜೆಕ್ಟರ್ ಬೇಡ. ನೀವು ಹೇಳಿದ ತಾಪತ್ರಯಗಳಲ್ಲಿ ಒಂದನ್ನೂ ಅದು ನೀಗುವುದಿಲ್ಲ. ಮಾತು ಮತ್ತು ಕತ್ತಲೆ, ಈ ಎರಡನ್ನು ಇನ್ನಷ್ಟು ಕೆಡಿಸುತ್ತದೆ. ಒಟ್ಟುಮಾಡಿದ ಹಣವನ್ನು ಸದ್ಯ ಹಾಗೇ ಇಟ್ಟುಕೊಳ್ಳಿ. ಅರ್ಧ ಕೆಲಸ ರಿಮೋಟಿನಲ್ಲೇ ಮುಗಿಯುತ್ತದೆ. ಆಮೇಲೂ ಹಣ ಖರ್ಚು ಮಾಡಲೇಬೇಕೆಂದಿದ್ದರೆ ಅದು ಶಬ್ದಕ್ಕೆ ಹೋಗಲಿ, ಚಿತ್ರಕ್ಕಲ್ಲ.

ಮೊದಲು ಮಾತಿನ ವಿಷಯ, ಏಕೆಂದರೆ ಹೆಚ್ಚಿನ ಮನೆಗಳ ನಿಜವಾದ ರೋಗ ಇದೇ. ಸಿನಿಮಾದ ಧ್ವನಿಯನ್ನು ಥಿಯೇಟರಿಗೆಂದು ಆರು ಚಾನೆಲ್‌ಗಳಲ್ಲಿ ಬೆರೆಸಿರುತ್ತಾರೆ. 5.1 ಎನ್ನುವುದು ಇದನ್ನೇ. ಇದರಲ್ಲಿ ಮಾತು ಬಹುಪಾಲು ನಡುವಿನ ಒಂದೇ ಚಾನೆಲ್ಲಿನಲ್ಲಿ ಇರುತ್ತದೆ. ಥಿಯೇಟರಿನಲ್ಲಿ ಅದಕ್ಕೆ ಪರದೆಯ ಹಿಂದೆ ಬೇರೆಯೇ ಸ್ಪೀಕರ್ ಉಂಟು. ನಿಮ್ಮ ಟಿ.ವಿ.ಯಲ್ಲಿ ಇರುವುದು ಎಡ ಬಲ ಎಂದು ಎರಡೇ. ಹಾಗಾಗಿ ಟಿ.ವಿ. ಆರನ್ನೂ ಎರಡಕ್ಕೆ ಇಳಿಸುತ್ತದೆ, ನಡುವಿನ ಮಾತನ್ನು ಸಾಮಾನ್ಯವಾಗಿ 3 ಡೆಸಿಬೆಲ್ ತಗ್ಗಿಸಿ ಎರಡೂ ಕಡೆಗೆ ಹಂಚುತ್ತದೆ. ಅದೇ ಎರಡು ಸ್ಪೀಕರುಗಳಲ್ಲಿ ವಾದ್ಯ, ಮಳೆ, ಬೈಕು, ಬಾಂಬು ಎಲ್ಲವೂ ಇರುತ್ತವೆ. ಅದರ ಮೇಲೆ, ತೆಳ್ಳಗಿನ ಟಿ.ವಿ.ಗಳ ಸ್ಪೀಕರ್ ಮುಖ ಮಾಡಿರುವುದು ನಿಮ್ಮ ಕಡೆಗಲ್ಲ, ನೆಲದ ಕಡೆಗೆ. ಶೋಕೇಸಿನ ಗೂಡಿನೊಳಗೆ ಟಿ.ವಿ. ಇಟ್ಟಿದ್ದರೆ ಶಬ್ದ ಹಲಗೆಗೆ ಬಡಿದು ‘ಗುಂ’ ಎಂದು ಹೊರಬರುತ್ತದೆ.

ಮಾಡಬೇಕಾದ್ದು ಹೀಗೆ. ಸಿನಿಮಾ ಹಚ್ಚಿದ ಮೇಲೆ ಆ ಆ್ಯಪಿನ ಆಡಿಯೊ ಪಟ್ಟಿ ತೆರೆಯಿರಿ. ಒಂದೇ ಭಾಷೆಗೆ ಎರಡು ಸಾಲು ಇದ್ದು, ಒಂದರ ಪಕ್ಕ 5.1 ಎಂದಿದ್ದರೆ, ಇಲ್ಲದ್ದನ್ನು ಆರಿಸಿ. ಎರಡು ಸ್ಪೀಕರಿಗೆಂದು ಸ್ಟುಡಿಯೊದಲ್ಲಿ ಬೆರೆಸಿದ ಶಬ್ದ, ಟಿ.ವಿ. ತಾನಾಗಿ ಇಳಿಸಿದ್ದಕ್ಕಿಂತ ಚೆನ್ನಾಗಿರುವುದೇ ಹೆಚ್ಚು. ಬಳಿಕ ಟಿ.ವಿ.ಯ ಸೌಂಡ್ ಸೆಟ್ಟಿಂಗಿಗೆ ಹೋಗಿ. ಮಾತನ್ನು ಎತ್ತಿಕೊಡುವ ಗುಂಡಿಗೆ ಎಲ್‌ಜಿಯಲ್ಲಿ ‘ಕ್ಲಿಯರ್ ವಾಯ್ಸ್’, ಸೋನಿಯಲ್ಲಿ ‘ವಾಯ್ಸ್ ಜೂಮ್’, ಸ್ಯಾಮ್‌ಸಂಗಿನ ಕೆಲವು ಮಾಡೆಲ್‌ಗಳಲ್ಲಿ ‘ಆ್ಯಕ್ಟಿವ್ ವಾಯ್ಸ್’ ಎಂಬ ಹೆಸರು. ಅದನ್ನು ಆನ್ ಮಾಡಿ. ‘ಸರೌಂಡ್’ ಎಂಬ ಹೆಸರಿನ ಯಾವುದೇ ಇದ್ದರೂ ಆಫ್ ಮಾಡಿ. ಎರಡು ಸ್ಪೀಕರಿನಲ್ಲಿ ಅದು ಮಾಡುವುದು ಮಾತನ್ನು ಮಸುಕುಗೊಳಿಸುವ ಕೆಲಸವನ್ನು ಮಾತ್ರ. ‘ನೈಟ್ ಮೋಡ್’ ಅಥವಾ ‘ಆಟೊ ವಾಲ್ಯೂಮ್’ ಇದ್ದರೆ ಆನ್ ಮಾಡಿ. ಇದು ಮೆಲ್ಲಗಿನದನ್ನು ಎತ್ತಿ ಜೋರಿನದನ್ನು ತಗ್ಗಿಸುತ್ತದೆ. ಅಮ್ಮನ ನಿದ್ದೆಗೂ ನಿಮ್ಮ ರಿಮೋಟಿಗೂ ಮದ್ದು ಇದೊಂದೇ. ಈಕ್ವಲೈಸರ್ (ಬೇರೆ ಬೇರೆ ಸ್ಥಾಯಿಯ ಶಬ್ದವನ್ನು ಏರಿಸಿ ಇಳಿಸುವ ಪಟ್ಟಿಗಳು) ಇದ್ದರೆ 100 ಹರ್ಟ್ಸ್ ಪಟ್ಟಿಯನ್ನು ಮೂರು ನಾಲ್ಕು ಮನೆ ಇಳಿಸಿ, 3 ಕಿಲೊಹರ್ಟ್ಸ್ ಪಟ್ಟಿಯನ್ನು ಎರಡು ಮನೆ ಏರಿಸಿ. ವ್ಯಂಜನಗಳ ಸ್ಪಷ್ಟತೆ ಇರುವುದು ಆ ಎರಡನೆಯ ಪಟ್ಟಿಯ ಆಸುಪಾಸಿನಲ್ಲಿ. ಇನ್ನೂ ಹೆಚ್ಚು ಏರಿಸಿದರೆ ‘ಸ’ಕಾರಗಳೆಲ್ಲ ಸೀಟಿ ಹೊಡೆಯುತ್ತವೆ.

ಇಷ್ಟಾದ ಮೇಲೆ ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ‘ಟಣ್’ ಎಂಬ ಬಾಲ ಹಿಂದೆ ಉಳಿದರೆ ದೋಷ ಟಿ.ವಿ.ಯದ್ದಲ್ಲ, ಕೋಣೆಯದ್ದು. ನಮ್ಮ ಕಡೆಯ ಹೊಸ ಮನೆಗಳಲ್ಲಿ ಸಾರಣೆ ಮಾಡಿದ ಕೆಂಪುಕಲ್ಲಿನ ಗೋಡೆ, ಮೇಲೆ ಟೆರೇಸು, ಕೆಳಗೆ ಟೈಲ್ಸು, ಬದಿಯಲ್ಲಿ ಗಾಜಿನ ಕಿಟಕಿ. ಶಬ್ದವನ್ನು ನುಂಗುವ ವಸ್ತು ಒಂದೂ ಇಲ್ಲ. ಟಿ.ವಿ.ಗೂ ನಿಮಗೂ ನಡುವಿನ ನೆಲಕ್ಕೆ ದಪ್ಪದ ಜಮಖಾನ ಹಾಸಿ, ಕಿಟಕಿಗಳಿಗೆ ನೆರಿಗೆ ಹಿಡಿದ ದಪ್ಪ ಪರದೆ ಕಟ್ಟಿ, ಎದುರುಗೋಡೆಗೆ ಹಾಸಿಗೆಯೊಂದನ್ನು ಒರಗಿಸಿ ನೋಡಿ. ಮೊಟ್ಟೆಯ ಟ್ರೇ ಅಂಟಿಸುವ ಉಪಾಯ ಕೇಳಿರಬಹುದು. ಅದು ಮಾತಿನ ಮಟ್ಟದ ಶಬ್ದವನ್ನು ಹೆಚ್ಚೇನೂ ನುಂಗುವುದಿಲ್ಲ, ಜಿರಳೆಗೆ ಮನೆಯಾಗುತ್ತದೆ. ತಲೆಯ ಮೇಲಿನ ಫ್ಯಾನನ್ನೂ ಮರೆಯಬೇಡಿ. ನಮ್ಮ ಸೆಕೆಯಲ್ಲಿ ಅದನ್ನು ನಿಲ್ಲಿಸಲು ಆಗದು, ಆದರೆ ಐದರಿಂದ ಮೂರಕ್ಕೆ ಇಳಿಸಿ, ಬದಿಯಿಂದ ಒಂದು ಟೇಬಲ್ ಫ್ಯಾನ್ ಕೊಟ್ಟರೆ ಕಿವಿಗೆ ಎಷ್ಟು ಹಗುರ ಎಂದು ತಿಳಿಯುತ್ತದೆ. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಕುಳಿತವರಿಗೆ ಮಾತ್ರ ಯಾವ ಸೆಟ್ಟಿಂಗೂ ಇಲ್ಲ. ಅಂದು ಸಬ್‌ಟೈಟಲ್ಲೇ ಗತಿ.

ಸಬ್‌ಟೈಟಲ್ ಎಂದಾಗ ಒಂದು ಮಾತು. ನಿಮ್ಮ ಗುಂಪಿನಲ್ಲಿ ಕನ್ನಡ, ತುಳು, ಮಲಯಾಳ ಮೂರೂ ಓಡಾಡುತ್ತಿರಬೇಕು. ಮಲಯಾಳ ಚಿತ್ರವನ್ನು ಮೂಲ ಧ್ವನಿಯಲ್ಲಿ ನೋಡಬೇಕೋ ಕನ್ನಡ ಡಬ್ಬಿಂಗಿನಲ್ಲೋ ಎಂಬ ಜಗಳ ಬಂದರೆ, ನಟನೆಗೆ ಮೂಲವೇ ಸರಿ. ಆದರೆ ಡಬ್ಬಿಂಗಿನ ಮಾತನ್ನು ಸದ್ದಿಲ್ಲದ ಸ್ಟುಡಿಯೊದಲ್ಲಿ ಹೊಸದಾಗಿ ಧ್ವನಿಮುದ್ರಿಸಿ ಸಂಗೀತದ ಮೇಲೆ ಕೂರಿಸಿರುತ್ತಾರೆ. ಹಾಗಾಗಿ ತಮಾಷೆ ಮಾಡುತ್ತ ಅರ್ಧ ಕಿವಿಯಲ್ಲಿ ನೋಡುವ ದಿನ ಅದು ಸುಲಭವಾಗಿ ಕೇಳಿಸುತ್ತದೆ.

ಇದೆಲ್ಲ ಮಾಡಿಯೂ ಸಾಲದಿದ್ದರೆ ಸೌಂಡ್‌ಬಾರ್, ಅಂದರೆ ಟಿ.ವಿ.ಯ ಕೆಳಗೆ ಇಡುವ ಉದ್ದದ ಸ್ಪೀಕರ್, ತನ್ನಿ. ಅಂಗಡಿಯವರು ದೊಡ್ಡ ಸಬ್‌ವೂಫರ್ ಇರುವ 2.1 ತೋರಿಸುತ್ತಾರೆ, ‘ಇಷ್ಟು ನೂರು ವ್ಯಾಟ್’ ಎನ್ನುತ್ತಾರೆ. ಅದರಲ್ಲಿ ಗುಡುಗು ಹೆಚ್ಚುತ್ತದೆ, ಮಾತು ಹೆಚ್ಚುವುದಿಲ್ಲ. ನೀವು ಕೇಳಬೇಕಾದದ್ದು 3.1. ಕೊನೆಯ ಒಂದು ಎಂದರೆ ಸಬ್‌ವೂಫರ್, ಮೊದಲಿನ ಮೂರು ಎಂದರೆ ಎಡ, ಬಲ ಮತ್ತು ಮಾತಿಗೆ ಮೀಸಲಾದ ನಡುವಿನ ಸ್ಪೀಕರ್. ಅದಿದ್ದಾಗ ಮಾತ್ರ ಆ್ಯಪಿನಲ್ಲಿ 5.1 ಆರಿಸಿ.

ಜೋಡಣೆಯಲ್ಲಿ ಎಡವುವುದು ಇಲ್ಲಿ: ಟಿ.ವಿ.ಯ ಹಿಂದಿನ ಎಚ್‌ಡಿಎಂಐ ಕಿಂಡಿಗಳಲ್ಲಿ ‘ಎಆರ್‌ಸಿ’ ಅಥವಾ ‘ಇಎಆರ್‌ಸಿ’ ಎಂದು ಬರೆದಿರುವುದು ಸಾಮಾನ್ಯವಾಗಿ ಒಂದೇ, ಟಿ.ವಿ.ಯ ಶಬ್ದ ಬಾರಿಗೆ ಹೋಗುವುದು ಅದರ ಮೂಲಕ. ಅದಕ್ಕೇ ಸಿಕ್ಕಿಸಬೇಕು, ಬಾರಿನ ಕಡೆಯಲ್ಲೂ ಅದೇ ಗುರುತಿನ ಕಿಂಡಿ. ಮತ್ತೆ ಟಿ.ವಿ.ಯಲ್ಲಿ ‘ಸಿಇಸಿ’ (ಎಚ್‌ಡಿಎಂಐ ಮೂಲಕ ಯಂತ್ರಗಳು ಒಂದನ್ನೊಂದು ನಿಯಂತ್ರಿಸುವ ಸೌಲಭ್ಯ) ಆನ್ ಆಗಬೇಕು. ಕಂಪೆನಿಗಳು ಇದನ್ನು ಸ್ವಂತ ಹೆಸರಿನಲ್ಲಿ ಬಚ್ಚಿಟ್ಟಿವೆ. ಸ್ಯಾಮ್‌ಸಂಗಿನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಆಮೇಲೆ ಸೌಂಡ್ ಔಟ್‌ಪುಟ್ ಅನ್ನು ‘ಎಚ್‌ಡಿಎಂಐ ಎಆರ್‌ಸಿ’ಗೆ ತಿರುಗಿಸಿ. ಸದ್ದೇ ಬಾರದಿದ್ದರೆ ಎರಡರದ್ದೂ ಪ್ಲಗ್ ಕಳಚಿ ಒಂದು ನಿಮಿಷ ಬಿಟ್ಟು, ಮೊದಲು ಟಿ.ವಿ., ಆಮೇಲೆ ಬಾರ್ ಹಚ್ಚಿ. ಆಗಲೂ ಮೌನವಾಗಿದ್ದರೆ ಡಿಜಿಟಲ್ ಆಡಿಯೊವನ್ನು ‘ಪಿಸಿಎಂ’ಗೆ, ಅಂದರೆ ಒತ್ತಿ ಚಿಕ್ಕದು ಮಾಡದ ಸರಳ ಡಿಜಿಟಲ್ ಶಬ್ದಕ್ಕೆ, ಇಟ್ಟು ಪರೀಕ್ಷಿಸಿ. ಪಿಸಿಎಂನಲ್ಲಿ ಸದ್ದು ಬಂದರೆ ಕೇಬಲ್ ಸರಿಯಿದೆ, ಧ್ವನಿಯ ಫಾರ್ಮ್ಯಾಟ್ ಬಾರಿಗೆ ಹಿಡಿಸುತ್ತಿಲ್ಲ ಎಂದರ್ಥ. ಬ್ಲೂಟೂತಿನಲ್ಲಿ ಜೋಡಿಸಿದರೆ ಶಬ್ದ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತಲೂ ತಡವಾಗುವುದುಂಟು, ತುಟಿ ಒಂದು ಕಡೆ ಮಾತು ಒಂದು ಕಡೆ ಆಗುತ್ತದೆ. ವೂಫರನ್ನು ಮೂಲೆಯಲ್ಲಿ ಕೂರಿಸಬೇಡಿ. ಎರಡು ಗೋಡೆ ಸೇರುವಲ್ಲಿ ತಗ್ಗು ಸ್ಥಾಯಿಯ ಶಬ್ದ ಇಮ್ಮಡಿಯಾಗಿ ಪಕ್ಕದ ಕೋಣೆಗೂ ಹೋಗುತ್ತದೆ.

ಇನ್ನು ಕತ್ತಲೆ. ಪಿಕ್ಚರ್ ಸೆಟ್ಟಿಂಗಿಗಿಂತ ಮೊದಲು ‘ಎನರ್ಜಿ ಸೇವಿಂಗ್’ ಅಥವಾ ‘ಇಕೊ’ ಹುಡುಕಿ ಆಫ್ ಮಾಡಿ. ಕೋಣೆಯ ಬೆಳಕನ್ನು ಅಳೆಯುವ ಸೆನ್ಸರ್ ಇದ್ದರೆ ಅದನ್ನೂ. ದೀಪ ಆರಿಸಿದ ಕೂಡಲೇ ಪರದೆಯೂ ಮಂಕಾಗುವುದು ಇವುಗಳಿಂದ. ಬಳಿಕ ಪಿಕ್ಚರ್ ಮೋಡನ್ನು ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ಗೆ ಇಡಿ. ಮೊದಲ ದಿನ ಎಲ್ಲವೂ ಅರಶಿನ ಹಚ್ಚಿದಂತೆ ಕಾಣುತ್ತದೆ. ಎರಡು ಮೂರು ದಿನ ಬಿಟ್ಟು ಹಿಂದಿನದಕ್ಕೆ ಹೋದರೆ ಅದು ನೀಲಿ ಹೊಡೆಯುತ್ತಿತ್ತು ಎಂದು ಗೊತ್ತಾಗುತ್ತದೆ. ಬ್ಯಾಕ್‌ಲೈಟ್ ಏರಿಸಿ, ‘ಬ್ರೈಟ್‌ನೆಸ್’ ಮುಟ್ಟಬೇಡಿ. ಹಲವು ಟಿ.ವಿ.ಗಳಲ್ಲಿ ಆ ಹೆಸರಿನ ಗುಂಡಿ ಬೆಳಕನ್ನಲ್ಲ, ಕಪ್ಪಿನ ಮಟ್ಟವನ್ನು ಏರಿಸುತ್ತದೆ, ಕಪ್ಪೆಲ್ಲ ಬೂದಿಯಾಗುತ್ತದೆ.

ಒಂದು ಕಾರಣ ಇನ್ನೂ ಒಳಗಿನದು. ಪರದೆಯ ಮೂಲೆಯಲ್ಲಿ ಎಚ್‌ಡಿಆರ್ (ಬೆಳಕು ಕತ್ತಲೆಯ ಅಂತರವನ್ನು ಹೆಚ್ಚು ತೋರಿಸುವ ಚಿತ್ರ) ಎಂಬ ಗುರುತು ಮೂಡಿದ ಸಿನಿಮಾಗಳಲ್ಲೇ ಕತ್ತಲೆ ಹೆಚ್ಚೇ ಎಂದು ಗಮನಿಸಿ. ಆ ಚಿತ್ರಗಳನ್ನು ಸಾಮಾನ್ಯವಾಗಿ 1000 ನಿಟ್ಸ್ (ಪರದೆಯ ಹೊಳಪಿನ ಅಳತೆ) ಬೆಳಕು ಕೊಡುವ ಪರದೆಯನ್ನು ಮನಸ್ಸಿನಲ್ಲಿಟ್ಟು ಸಿದ್ಧಪಡಿಸುತ್ತಾರೆ. ಅಗ್ಗದ ಟಿ.ವಿ.ಗಳು ಕೊಡುವುದು ಅದರ ಕಾಲುಭಾಗ, ಮೂರನೇ ಒಂದು ಭಾಗ ಅಷ್ಟೆ. ಅಷ್ಟು ಬೆಳಕನ್ನು ಇಷ್ಟರಲ್ಲಿ ಹಿಡಿಸಲು ಟಿ.ವಿ. ಇಡೀ ಚಿತ್ರವನ್ನೇ ಕೆಳಗೆ ಒತ್ತುತ್ತದೆ. ದೃಶ್ಯಕ್ಕೆ ತಕ್ಕಂತೆ ಬೆಳಕನ್ನು ಹೊಂದಿಸುವ ‘ಡೈನಾಮಿಕ್ ಟೋನ್ ಮ್ಯಾಪಿಂಗ್’ ಇದ್ದರೆ ಆನ್ ಮಾಡಿ. ಟಿ.ವಿ.ಗೆ ಸ್ಟ್ರೀಮಿಂಗ್ ಸ್ಟಿಕ್ ಸಿಕ್ಕಿಸಿ ನೋಡುವವರು ಅದರ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಎಚ್‌ಡಿಆರ್ ಅನ್ನೇ ನಿಲ್ಲಿಸಬಹುದು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ ಸೌಲಭ್ಯವನ್ನು ಆಫ್ ಮಾಡಿದರೆ ಚಿತ್ರ ಚೆನ್ನಾಗುತ್ತದೆ ಎಂದರೆ ಅಂಗಡಿಯವರಿಗೆ ಸಿಟ್ಟು ಬರಬಹುದು. ಎದುರುಗೋಡೆಯ ಟ್ಯೂಬ್‌ಲೈಟ್ ಆರಿಸಿ, ಟಿ.ವಿ.ಯ ಬೆನ್ನ ಹಿಂದೆ 5 ವ್ಯಾಟಿನ ಬಲ್ಬೊಂದನ್ನು ಇಡಿ. ಕಣ್ಣಿಗೆ ಆಯಾಸವಾಗುವುದಿಲ್ಲ, ಗೋಳಿಬಜೆಯ ತಟ್ಟೆಯೂ ಕಾಣುತ್ತದೆ.

ಸೀರಿಯಲ್ಲಿನ ಹಾಗೆ ಕಾಣುವುದಕ್ಕೆ ಕಾರಣ ಒಂದೇ ಒಂದು ಸ್ವಿಚ್. ಸಿನಿಮಾ ಸೆಕೆಂಡಿಗೆ 24 ಚಿತ್ರಗಳಂತೆ ಓಡುತ್ತದೆ. ಟಿ.ವಿ. ನಡುನಡುವೆ ತಾನೇ ಚಿತ್ರಗಳನ್ನು ಊಹಿಸಿ ತುಂಬಿಸಿದಾಗ ಚಲನೆ ಎಣ್ಣೆ ಹಚ್ಚಿದಂತೆ ಜಾರುತ್ತದೆ. ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೊ, ಸ್ಯಾಮ್‌ಸಂಗಿನಲ್ಲಿ ಆಟೊ ಮೋಷನ್ ಪ್ಲಸ್ ಅಥವಾ ಪಿಕ್ಚರ್ ಕ್ಲಾರಿಟಿ ಎಂಬುದನ್ನು ಆಫ್ ಮಾಡಿ. ಕ್ರಿಕೆಟಿಗೆ ಮಾತ್ರ ಅದು ಇರಲಿ.

ಟಿ.ವಿ. ಎಲ್ಲಿದೆ, ನೀವು ಎಲ್ಲಿ ಕೂರುತ್ತೀರಿ ಎಂದು ಬರೆದಿಲ್ಲ. ಆದರೆ ದೇವರ ಪಟದ ಎತ್ತರಕ್ಕೆ ಟಿ.ವಿ. ತೂಗುಹಾಕುವುದು ನಮ್ಮ ಊರುಗಳ ಪದ್ಧತಿಯಾದ್ದರಿಂದ ಹೇಳುತ್ತೇನೆ. 55 ಇಂಚಿನ ಪರದೆಯ ಎತ್ತರ ಸುಮಾರು 69 ಸೆಂಟಿಮೀಟರ್. ಚಾಪೆಯ ಮೇಲೆ ಕೂತವರ ಕಣ್ಣು ನೆಲದಿಂದ ಸುಮಾರು 80 ಸೆಂ.ಮೀ., ಕುರ್ಚಿಯವರದ್ದು 110ರ ಆಸುಪಾಸು. ಎರಡಕ್ಕೂ ಹೊಂದುವಂತೆ ಪರದೆಯ ನಡುಭಾಗ ನೆಲದಿಂದ ಒಂದು ಮೀಟರ್ ಎತ್ತರದಲ್ಲಿ, ಅಂದರೆ ಕೆಳಅಂಚು ಸುಮಾರು 65 ಸೆಂ.ಮೀ.ಗೆ ಬರಬೇಕು. ದೂರ ಏಳರಿಂದ ಎಂಟು ಅಡಿ ಸರಿ, ಒಂದಡಿ ಆಚೀಚೆಯಾದರೂ ತೊಂದರೆಯಿಲ್ಲ. ಆರು ಮಂದಿ ಒಂದೇ ಸಾಲಿನಲ್ಲಿ ಕೂರಬೇಡಿ. ವಿಎ ಎಂಬ ಜಾತಿಯ ಪರದೆಯಲ್ಲಿ ಬದಿಯವರಿಗೆ ಬಣ್ಣ ಸೊರಗಿ ಕಾಣುತ್ತದೆ. ಮೂವರು ಆರಡಿ ದೂರದಲ್ಲಿ ಚಾಪೆಯ ಮೇಲೆ, ಮೂವರು ಎಂಟೊಂಬತ್ತು ಅಡಿಯಲ್ಲಿ ಕುರ್ಚಿಯ ಮೇಲೆ ಕೂತರೆ ಪಟ್ಟಾಂಗಕ್ಕೂ ಒಳ್ಳೆಯದು, ಹಿಂದಿನವರಿಗೆ ತಲೆಯೂ ಅಡ್ಡವಿಲ್ಲ.

ಈಗ ಆ ಪ್ರೊಜೆಕ್ಟರ್. 100 ಇಂಚಿನ ಚಿತ್ರ ಎಂದರೆ 221 ಸೆಂ.ಮೀ. ಅಗಲ, 125 ಸೆಂ.ಮೀ. ಎತ್ತರ. ಪೂರ್ತಿ ಕತ್ತಲೆಯ ಕೋಣೆಯಲ್ಲಿ ಅಷ್ಟಕ್ಕೆ ಥಿಯೇಟರಿನ ಮಟ್ಟದ ಬೆಳಕು ಬರಲು ಬೇಕಾದದ್ದು ಸುಮಾರು 500 ಲುಮೆನ್ (ಪ್ರೊಜೆಕ್ಟರ್ ಚೆಲ್ಲುವ ಬೆಳಕಿನ ಅಳತೆ). ಹಾಗಿದ್ದರೆ 9000 ಲುಮೆನ್ ಹಗಲನ್ನೇ ತರಬೇಕಿತ್ತಲ್ಲ! ಜಾಹೀರಾತಿನ ಆ ಸಂಖ್ಯೆ ಪರದೆಗೆ ಬೀಳುವ ಬೆಳಕಿನದ್ದಲ್ಲ. ಪರದೆಯ ಮೇಲೆ ಅಳೆದದ್ದಕ್ಕೆ ‘ಆ್ಯನ್ಸಿ ಲುಮೆನ್’ ಎನ್ನುತ್ತಾರೆ, ಅಗ್ಗದವುಗಳಲ್ಲಿ ಅದು ಎಷ್ಟೋ ಸಲ ಇನ್ನೂರು ಮುನ್ನೂರೂ ದಾಟುವುದಿಲ್ಲ. ‘4ಕೆ ಸಪೋರ್ಟ್’ ಎಂದರೆ 4ಕೆ ಫೈಲನ್ನು ಒಳಗೆ ತೆಗೆದುಕೊಳ್ಳುತ್ತದೆ ಎಂದಷ್ಟೇ. ಹೊರಗೆ ತೋರಿಸುವುದು ‘ನೇಟಿವ್’ ಎಂದು ಸಣ್ಣಕ್ಷರದಲ್ಲಿ ಬರೆದದ್ದನ್ನು. 1.2 ಥ್ರೋ ಅನುಪಾತದ (ಅಂದರೆ ಚಿತ್ರದ ಅಗಲದ 1.2 ಪಟ್ಟು ದೂರ ಬೇಕಾದ) ಯಂತ್ರವನ್ನು ಗೋಡೆಯಿಂದ 2.65 ಮೀಟರ್, ಹೆಚ್ಚುಕಡಿಮೆ ಒಂಬತ್ತು ಅಡಿ ದೂರ ಇಡಬೇಕು. ನಿಮ್ಮ ಕೋಣೆಯಲ್ಲಿ ಅದು ಯಾರದ್ದಾದರೂ ತಲೆಯ ಜಾಗ. ಓರೆಯಾಗಿ ಇಟ್ಟು ‘ಕೀಸ್ಟೋನ್’ ಎಂಬ ಸೆಟ್ಟಿಂಗಿನಿಂದ ಚಿತ್ರವನ್ನು ನೇರ ಮಾಡಿದರೆ ಇರುವ ಸ್ಪಷ್ಟತೆಯೂ ಕಡಿಮೆಯಾಗುತ್ತದೆ. ಒಳಗೊಂದು ಫ್ಯಾನ್ ಬೇರೆ ಗುಯ್ಯೆನ್ನುತ್ತದೆ, ಸ್ಪೀಕರ್ ಬೆಂಕಿಪೆಟ್ಟಿಗೆಯಷ್ಟು. ವಿಶ್ವಕಪ್ಪಿನ ಫೈನಲನ್ನು ಅಂಗಳದಲ್ಲಿ ಊರವರಿಗೆಲ್ಲ ತೋರಿಸುವ ಆಸೆಯಿದ್ದರೆ 3000 ಆ್ಯನ್ಸಿ ಲುಮೆನ್‌ನ ಯಂತ್ರವನ್ನು ಒಂದು ರಾತ್ರಿಗೆ ಬಾಡಿಗೆಗೆ ತನ್ನಿ.

ಡಿಶ್ಶಿನ ಕತೆ. ಅದು ಬಳಸುವ ಕೆಯು ಬ್ಯಾಂಡಿನ ತರಂಗವನ್ನು ಮಳೆಹನಿಗಳು ಹೀರಿ ಚದುರಿಸುತ್ತವೆ. ಜೋರು ಮಳೆಗೆ ಹತ್ತು ನಿಮಿಷ ಹೋಗಿ ಬಂದರೆ ಅದು ಪ್ರಕೃತಿ ನಿಯಮ. ಸಣ್ಣ ಮಳೆಗೂ ಹೋದರೆ ಅದು ನಿಮ್ಮ ಮನೆಯ ದೋಷ. ಕಾಸರಗೋಡಿನಿಂದ ನೋಡಿದರೆ ಡಿಟಿಎಚ್ ಉಪಗ್ರಹಗಳು ಆಗ್ನೇಯದ ಕಡೆ, ಬಹಳ ಎತ್ತರದಲ್ಲಿ ಇರುತ್ತವೆ. ಡಿಶ್ ಹಾಕಿದಾಗ ಗಿಡವಾಗಿದ್ದ ಕಂಗು (ಅಡಿಕೆ) ಈಗ ಮರವಾಗಿ, ಅದರ ಒದ್ದೆ ಸೋಗೆ ಆ ದಿಕ್ಕಿಗೆ ಅಡ್ಡ ಬರುತ್ತಿದೆಯೇ ನೋಡಿ. ಎಲ್‌ಎನ್‌ಬಿಗೆ (ಡಿಶ್ಶಿನ ಮುಂದೆ ಚಾಚಿರುವ, ಸಿಗ್ನಲ್ ಹಿಡಿಯುವ ಡಬ್ಬಿ) ಕೇಬಲ್ ತಿರುಗಿಸುವ ಎಫ್ ಕನೆಕ್ಟರ್ ನಮ್ಮ ಉಪ್ಪುಗಾಳಿಗೆ ಎರಡು ಮಳೆಗಾಲದಲ್ಲಿ ಹಸಿರು ಹಿಡಿಯುತ್ತದೆ. ಹಳೆಯದನ್ನು ಕತ್ತರಿಸಿ ಹೊಸದು ಹಾಕಿಸಿ, ಮೇಲೆ ನೀರು ತಡೆಯುವ ಟೇಪ್ ಸುತ್ತಿಸಿ. ಕೇಬಲ್ ಮನೆಯೊಳಗೆ ಬರುವ ಮೊದಲು ಕೆಳಗೆ ಇಳಿದು ಮೇಲೇರುವಂತೆ ಒಂದು ಬಳುಕು ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಪೆಟ್ಟಿಗೆಗೆ ಬರುವುದಿಲ್ಲ. ಆದರೂ ಸಿಗ್ನಲ್ ಕಡಿಮೆಯಿದ್ದರೆ 60 ಸೆಂ.ಮೀ. ಡಿಶ್ ತೆಗೆದು 90 ಸೆಂ.ಮೀ.ನದ್ದು ಹಾಕಿಸಬಹುದು.

ಕನ್ನಡ ಚಾನೆಲ್ ಇಲ್ಲದ್ದಕ್ಕೆ ತಂತ್ರಜ್ಞಾನ ಕಾರಣವಲ್ಲ. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ಕಾಸರಗೋಡು ಕೇರಳಕ್ಕೆ ಸೇರಿತು, ಇಲ್ಲಿ ಯಾವ ಭಾಷೆ ಮಾತಾಡುತ್ತಾರೆಂದು ಡಿಶ್ ಕಂಪೆನಿಯ ಕಂಪ್ಯೂಟರಿಗೆ ಗೊತ್ತಿಲ್ಲ. 671ರಿಂದ ಶುರುವಾಗುವ ಪಿನ್‌ಕೋಡ್ ಕಂಡರೆ ಅದು ಮಲಯಾಳ ಪ್ಯಾಕ್ ಮುಂದಿಡುತ್ತದೆ. 2019ರಿಂದ ಜಾರಿಯಲ್ಲಿರುವ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದಂತೆ ಚಾನೆಲ್ ಆರಿಸುವ ಹಕ್ಕು ನಿಮ್ಮದು. ಕಂಪೆನಿಯ ಆ್ಯಪಿನಲ್ಲಿ ಪ್ಯಾಕ್ ಬದಲಿಸುವ ಪುಟಕ್ಕೆ ಹೋಗಿ ಕನ್ನಡದ ಪ್ಯಾಕ್ ಆರಿಸಿ, ಅಥವಾ ಬೇಕಾದ ಚಾನೆಲ್ಲುಗಳನ್ನು ಬಿಡಿಬಿಡಿಯಾಗಿ ಸೇರಿಸಿ. ಯಾರೂ ನೋಡದ್ದನ್ನು ಅದೇ ಹೊತ್ತಿಗೆ ತೆಗೆಯದಿದ್ದರೆ ಬಿಲ್ಲು ಏರುತ್ತದೆ. ಡಿಡಿ ಚಂದನ ಸಾಕೆನ್ನುವ ಹಿರಿಯರಿಗೆ ಡಿಡಿ ಫ್ರೀ ಡಿಶ್ ಉಂಟು, ತಿಂಗಳ ಬಾಡಿಗೆ ಇಲ್ಲ.

ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಸಿನಿಮಾ ಹಚ್ಚುವ ಯೋಚನೆ ಬಂದರೆ ಲೆಕ್ಕ ಹಾಕಿಕೊಳ್ಳಿ. ಎಚ್‌ಡಿಯಲ್ಲಿ ಗಂಟೆಗೆ 3 ಜಿಬಿವರೆಗೆ ಹೋಗುತ್ತದೆ, ದಿನಕ್ಕೆ 2 ಜಿಬಿಯ ಪ್ಯಾಕ್ ಇಂಟರ್‌ವಲ್ಲಿಗೇ ಮುಗಿಯುತ್ತದೆ. ಮನೆಯ ಫೈಬರ್ ಇದ್ದೂ ಚಿತ್ರ ಸುತ್ತುತ್ತಿದ್ದರೆ ವೇಗವನ್ನು ದೂರಬೇಡಿ. 4ಕೆಗೂ ಸುಮಾರು 15 ಎಂಬಿಪಿಎಸ್ ಸಾಕು. ಎರಡು ಕೆಂಪುಕಲ್ಲಿನ ಗೋಡೆ ದಾಟುವಷ್ಟರಲ್ಲಿ ವೈಫೈ ಸೋಲುತ್ತದೆ. ರೌಟರಿನಿಂದ ಟಿ.ವಿ.ಗೆ ಕ್ಯಾಟ್ 6 ಎಂಬ ನೆಟ್‌ವರ್ಕ್ ಕೇಬಲ್ ಎಳೆದುಬಿಡಿ.

ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆಗಳಲ್ಲಿ ಮಾತ್ರ ಇನ್ನೊಂದು ಎಚ್ಚರ ಬೇಕು. ಗುಡುಗು ದೂರದಲ್ಲಿ ಕೇಳಿಸಿದಾಗಲೇ ಪ್ಲಗ್ ತೆಗೆಯಿರಿ, ಸ್ವಿಚ್ ಆರಿಸಿದರೆ ಸಾಲದು. ಡಿಶ್ಶಿನ ಕೇಬಲನ್ನೂ ಪೆಟ್ಟಿಗೆಯಿಂದ ಕಳಚಿ. ಎಷ್ಟೋ ಟಿ.ವಿ.ಗಳು ಸುಡುವುದು ಕರೆಂಟಿನ ದಾರಿಯಿಂದಲ್ಲ, ಆ ಕೇಬಲ್ ಹಾಗೂ ಎಚ್‌ಡಿಎಂಐ ದಾರಿಯಿಂದ. ಫೈಬರ್ ಗಾಜಿನದ್ದಾದ್ದರಿಂದ ಸಿಡಿಲನ್ನು ತಾರದು. ಆದರೆ ರೌಟರಿನ ಅಡಾಪ್ಟರ್ ಮತ್ತು ಈಗ ಹೇಳಿದ ಕ್ಯಾಟ್ 6 ತಾಮ್ರದವು, ಅವನ್ನೂ ಕಳಚಿ. ಸಿಡಿಲು ತಲೆಯ ಮೇಲೆ ಬಂದಾದ ಮೇಲೆ ಇದ್ಯಾವುದಕ್ಕೂ ಕೈ ಹಾಕಬೇಡಿ. ಆಮೇಲೆ ಕರೆಂಟು ಹೋದರೆ ಇನ್ವರ್ಟರಿನಲ್ಲಿ ಸಿನಿಮಾ ನೋಡಬಹುದು. ಟಿ.ವಿ. 120 ವ್ಯಾಟ್, ಒಂದು ಫ್ಯಾನ್ 70, ರೌಟರ್ 10 ಎಂದರೆ 200 ವ್ಯಾಟ್. 150 ಆ್ಯಂಪಿಯರ್-ಅವರ್‌ನ ಒಳ್ಳೆಯ ಬ್ಯಾಟರಿ ಐದು ಗಂಟೆ ತಡೆಯುತ್ತದೆ. ಇನ್ವರ್ಟರ್ ಸೈನ್‌ವೇವ್ ಆಗಿರಲಿ, ಸ್ಕ್ವೇರ್‌ವೇವ್‌ನಲ್ಲಿ ಫ್ಯಾನೂ ಸೌಂಡ್‌ಬಾರೂ ಗುಂಯ್‌ಗುಡುತ್ತವೆ.

ಅಣ್ಣನ ಮದುವೆಯಲ್ಲಿ ಯಾರೂ ದಪ್ಪಗಿರಲಿಲ್ಲ. ಆ ಕಾಲದ ವಿಡಿಯೊ 4:3 ಆಕಾರದ್ದು, ನಿಮ್ಮ ಟಿ.ವಿ. ಅದನ್ನು 16:9ಕ್ಕೆ ಎಳೆದು ತುಂಬಿಸುತ್ತಿದೆ. ರಿಮೋಟಿನ ಪಿಕ್ಚರ್ ಸೈಜಿನಲ್ಲಿ 4:3 ಆರಿಸಿದರೆ ಎರಡು ಬದಿ ಕಪ್ಪು ಪಟ್ಟಿ ಬರುತ್ತದೆ, ಮನುಷ್ಯರು ಮನುಷ್ಯರಂತೆ ಕಾಣುತ್ತಾರೆ. ಹಳೇ ಕನ್ನಡ ಚಿತ್ರಗಳಿಗೂ ಇದೇ ಮಾಡಿ. ಡಿವಿಡಿ ಇನ್ನೂ ಓಡುತ್ತಿದೆ ಎಂದಾದರೆ ಈ ವಾರವೇ ಅದರ ನಕಲು ತೆಗೆಯಿರಿ. ಸ್ಟುಡಿಯೊದವರು ಬರೆದುಕೊಟ್ಟ ಡಿವಿಡಿಯಲ್ಲಿ ಚಿತ್ರ ನಿಂತಿರುವುದು ಒಂದು ಬಣ್ಣದ ಪದರದ ಮೇಲೆ, ಬಿಸಿಲು ಮತ್ತು ತೇವಕ್ಕೆ ಅದು ಮಾಸುತ್ತದೆ. ಪೆನ್‌ಡ್ರೈವ್‌ಗೆ ಹಾಕುವಾಗ 4 ಜಿಬಿ ಮೀರಿದ ಫೈಲ್ ಹತ್ತುವುದಿಲ್ಲ ಎಂದರೆ ಅದು ಎಫ್‌ಎಟಿ32 ಫಾರ್ಮ್ಯಾಟಿನಲ್ಲಿದೆ. ಒಳಗಿನದನ್ನು ಬೇರೆಡೆಗೆ ತೆಗೆದಿಟ್ಟು ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಇನ್ನೂ ಹಿಂದಿನ ವಿಎಚ್‌ಎಸ್ ಕ್ಯಾಸೆಟ್ಟುಗಳೂ ಕಪಾಟಿನಲ್ಲಿದ್ದರೆ ಕಿಟಕಿಯ ಬೆಳಕಿಗೆ ಹಿಡಿದು ಸುರುಳಿಯ ಅಂಚು ನೋಡಿ. ಬಿಳಿ ಬೂಷ್ಟು ಕಂಡರೆ ಓಡಿಸಿ ಪರೀಕ್ಷಿಸಲು ಹೋಗಬೇಡಿ. ಬೂಷ್ಟು ವಿಸಿಆರಿನ ಹೆಡ್ಡಿಗೆ ಹತ್ತಿಕೊಂಡು ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ಅಂಟುತ್ತದೆ. ಅಂಥವನ್ನು ಬೇರೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿಟ್ಟು, ಟೇಪ್ ಶುಚಿಮಾಡಿ ಡಿಜಿಟಲ್‌ಗೆ ತೆಗೆದುಕೊಡುವವರಿಗೇ ಕೊಡಿ.